ಗಾಡಿಗೆ ಹೊಣೆ, ಟ್ರೈಲರಿಗೆ ವಾರಂಟಿ

ಕನ್ನಡದಲ್ಲಿ ಹೊಣೆಯನ್ನ ‘ಹೊರ್ತಾರೆ’. ವಾರಂಟಿಯನ್ನ ‘ಕೊಡ್ತಾರೆ’. ಯಾವತ್ತಾದ್ರೂ ಗಮನಿಸಿದ್ದೀರಾ?

ಹೊಣೆ ತುಂಬ ಹಳೇ ಪದ. ಹಳಗನ್ನಡದಲ್ಲಿ ‘ಪೊಣೆ’ ಅಂತಿದ್ದದ್ದು ಪಕಾರ ಹಕಾರ ಆಗಿ ನಮಗೆ ಬಂದಿದೆ. ಒಬ್ಬ ಮನುಷ್ಯ ಇನ್ನೊಬ್ಬನ ಪರವಾಗಿ ತನ್ನ ಮೈಮೇಲೆ ಹಾಕಿಕೊಳ್ಳೋ ಭಾರ ಅದು. ‘ಖಾತರಿ’ ಅರಬ್ಬಿ, ಪಾರಸಿ ದಾರಿಯಲ್ಲಿ ಬಂದ ಮಾತು. ಇನ್ನು ‘ವಾರಂಟಿ’ ಮತ್ತು ‘ಗ್ಯಾರಂಟಿ’ ಎರಡೂ ಮೂಲದಲ್ಲಿ ಒಂದೇ ಪದ ಅಂದ್ರೆ ನಂಬ್ತೀರಾ? ಫ್ರಾನ್ಸಿನ ಉತ್ತರದವರು ‘ವ’ ಅಂತ ಉಚ್ಚರಿಸಿದ್ದನ್ನ ಪ್ಯಾರಿಸ್ ಕಡೆಯವರು ‘ಗ’ ಅಂತ ಉಚ್ಚರಿಸ್ತಿದ್ದರು. ಇಂಗ್ಲಿಷಿನವರು ಒಂದೊಂದು ಕಾಲದಲ್ಲಿ ಒಂದೊಂದನ್ನ ಎರವಲು ತಗೊಂಡು ಎರಡನ್ನೂ ಇಟ್ಟುಕೊಂಡರು. (2023ರ ಚುನಾವಣೆ ಆದಮೇಲೆ ಗ್ಯಾರಂಟಿಗೆ ನಮ್ಮಲ್ಲಿ ಬೇರೆ ಅರ್ಥಾನೇ ಬಂದಿದೆ, ಅದು ಬಿಡಿ :) )

ಈ ಪದಗಳ ಹಿಂದೆ ನಾನು ಬಿದ್ದದ್ದು ಒಂದು ಟ್ರಾಕ್ಟರ್ ಟ್ರೈಲರ್ ದೆಸೆಯಿಂದ. ಹನೂರು ಕಡೆ ಇರುವ ನಮ್ಮ ಚಿಕ್ಕಪ್ಪ ಕೊಂಡದ್ದು. ಅದರ ಕಥೆ ಆಮೇಲೆ ಹೇಳ್ತೀನಿ. ಮೊದಲು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಭಾರ ಹೊರುವ ಚಕ್ರದ ಗಾಡಿ ಕೆಟ್ಟರೆ ಯಾರು ಉತ್ತರ ಕೊಡಬೇಕಿತ್ತು ಅನ್ನೋ ಇತಿಹಾಸ ನೋಡೋಣ. ಚಾಮರಾಜನಗರಕ್ಕೆ 1926ರಲ್ಲೇ ರೈಲು ಬಂತು. ಕೊಳ್ಳೇಗಾಲಕ್ಕೆ ಇವತ್ತಿಗೂ ಇಲ್ಲ. ಹಾಗಾಗಿ ರೇಷ್ಮೆ ಗೂಡು, ರಾಗಿ, ಬೆಲ್ಲ, ಕಲ್ಲು, ಕಬ್ಬು, ಏನಿದ್ದರೂ ನಮ್ಮ ಕಡೆ ರಸ್ತೆ ಮೇಲೆ ಚಕ್ರದಲ್ಲೇ ಹೋಗಬೇಕು. ಚಕ್ರ ನಿಂತರೆ ಎಲ್ಲ ನಿಂತ ಹಾಗೆ.

ದಿಂಡಿಗದ ಅಚ್ಚು

ಬಿಳಿಗಿರಿರಂಗನ ಬೆಟ್ಟ ಮತ್ತು ಮಾದಪ್ಪನ ಬೆಟ್ಟದ ಕುರುಚಲು ಕಾಡುಗಳಲ್ಲಿ ದಿಂಡಿಗ ಅನ್ನೋ ಮರ ಬೆಳೆಯುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಇರುವ ಒಂದು ಹೆಸರು ‘ಆಕ್ಸಲ್‌ವುಡ್’, ಅಂದ್ರೆ ಅಚ್ಚಿನ ಮರ. ಗಟ್ಟಿ ಇದ್ದೂ ಬಳುಕುವ ಗುಣ ಇರೋದರಿಂದ ಎತ್ತಿನ ಗಾಡಿಯ ಅಚ್ಚಿಗೆ, ಮೂಕಿಗೆ ಇದನ್ನ ಬಳಸ್ತಿದ್ದರು. ಗುಂಬಕ್ಕೆ, ಚಕ್ರದ ಕಡ್ಡಿಗಳಿಗೆ ಜಾಲಿ. ಯಾವ ಭಾಗಕ್ಕೆ ಯಾವ ಮರ, ಯಾವಾಗ ಕಡಿದದ್ದು, ಎಷ್ಟು ಒಣಗಿದ್ದು, ಇದೆಲ್ಲ ಬಡಗಿಯ ತಲೆಯಲ್ಲಿ ಇರ್ತಿತ್ತು.

ಮರದ ಚಕ್ರ ಆದಮೇಲೆ ಕಮ್ಮಾರನ ಕೆಲಸ. ಚಕ್ರಕ್ಕಿಂತ ಕೂದಲೆಳೆ ಚಿಕ್ಕದಾಗಿ ಕಬ್ಬಿಣದ ಪಟ್ಟಿಯನ್ನ ಬಳೆ ಮಾಡಿ, ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಕ್ರದ ಮೇಲೆ ಕೂರಿಸಿ ತಕ್ಷಣ ನೀರು ಸುರೀತಾರೆ. ಪಟ್ಟಿ ಕುಗ್ಗಿ, ಗುಂಬ, ಕಡ್ಡಿ, ಸುತ್ತು ಎಲ್ಲವನ್ನೂ ಒಟ್ಟಿಗೆ ಬಿಗಿದು ಹಿಡಿಯುತ್ತೆ. ಎಂಜಿನಿಯರಿಂಗ್ ಎರಡನೇ ಸೆಮಿಸ್ಟರಿನಲ್ಲಿ ನಮಗೆ ‘ಶ್ರಿಂಕ್ ಫಿಟ್’ ಅಂತ ಪಾಠ ಮಾಡಿದ್ದು ಇದನ್ನೇ. ಮೇಷ್ಟ್ರು ರೈಲು ಚಕ್ರದ ಉದಾಹರಣೆ ಕೊಟ್ಟರು, ಎತ್ತಿನ ಗಾಡಿಯ ಹೆಸರು ಎತ್ತಲಿಲ್ಲ.

ಈಗ ಹೊಣೆಯ ವಿಷಯಕ್ಕೆ ಬರೋಣ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ, ತೋಟಿ, ನೀರಗಂಟಿ ಇವರೆಲ್ಲ ಆಯಗಾರರು. ಸುಗ್ಗಿಯಲ್ಲಿ ಕಣದ ರಾಶಿ ಅಳೆಯುವಾಗ ಒಬ್ಬೊಬ್ಬರಿಗೂ ಇಂತಿಷ್ಟು ಅಂತ ಕಾಳು ಹೋಗ್ತಿತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಈ ಸೀಮೆಯೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಕಣದಲ್ಲಿ ರಾಶಿ ಹಂಚುವ ಕ್ರಮವನ್ನ ಲೆಕ್ಕದ ಸಮೇತ ಬರೆದಿಟ್ಟಿದ್ದಾನೆ. ಹೊಸ ಗಾಡಿ ಮಾಡಿಸಿದರೆ ಅದಕ್ಕೆ ಬೇರೆ ಕೊಡಬೇಕಿತ್ತು. ವರ್ಷವಿಡೀ ನೇಗಿಲು ಹರಿತ ಮಾಡೋದು, ಕಡಾಣಿ ಹಾಕೋದು, ಸಣ್ಣಪುಟ್ಟ ರಿಪೇರಿ ಇವೆಲ್ಲ ಆಯದ ಲೆಕ್ಕದಲ್ಲಿ. ಊರಿಂದ ಊರಿಗೆ ಲೆಕ್ಕ ಬೇರೆ ಇರ್ತಿತ್ತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಆನ್ಯುಯಲ್ ಮೇಂಟೆನನ್ಸ್ ಕಾಂಟ್ರಾಕ್ಟ್ :) ಆದ್ರೆ ಒಂದು ವ್ಯತ್ಯಾಸ ನೋಡಿ. ಇಲ್ಲಿ ಮಾಡಿದವನೂ ಅವನೇ, ರಿಪೇರಿ ಮಾಡೋನೂ ಅವನೇ. ಕೆಟ್ಟ ಅಚ್ಚು ಹಾಕಿದರೆ ವರ್ಷವಿಡೀ ಪುಕ್ಕಟೆ ಕೆಲಸ ಅವನಿಗೇ ಬೀಳುತ್ತೆ. ಮೇಲಾಗಿ ಮುಂದಿನ ಸುಗ್ಗಿಯಲ್ಲಿ ಅವನು ಬಂದು ನಿಲ್ಲಬೇಕಾದ್ದು ಅದೇ ಕಣದಲ್ಲಿ. ಒಳ್ಳೇ ಮರ ಹಾಕೋಕೆ ಅವನಿಗೆ ಯಾವ ಕಾಗದವೂ ಬೇಕಿರಲಿಲ್ಲ.

ಹಾಗಂತ ‘ಆಹಾ, ಆ ಕಾಲವೇ ಚೆನ್ನಾಗಿತ್ತು’ ಅಂತ ನಾನು ಹೇಳ್ತಿಲ್ಲ. ಆ ಹೊಣೆ ಜಾತಿಯ ಜೊತೆ ಹುಟ್ಟಿನಿಂದ ಅಂಟಿಕೊಂಡು ಬರ್ತಿತ್ತು. ಕಮ್ಮಾರನ ಮಗ ಒಲ್ಲೆ ಅನ್ನೋ ಹಾಗಿರಲಿಲ್ಲ. ಮಳೆ ಹೋಗಿ ರಾಶಿ ಕಮ್ಮಿ ಆದ ವರ್ಷ ಅವನ ಹೊಟ್ಟೆಗೂ ಕಮ್ಮಿ. ಕಣವೇ ಇಲ್ಲದ ಭೂಹೀನರಿಗೆ ಈ ‘ವಾರಂಟಿ’ಯಲ್ಲಿ ಪಾಲೇ ಇಲ್ಲ. ಗಾಡಿ ಇದ್ದದ್ದೂ ಊರಲ್ಲಿ ಕೆಲವೇ ಮನೆಗಳಲ್ಲಿ. ಹೊಣೆ ಗಟ್ಟಿಯಾಗಿತ್ತು ನಿಜ, ಆದ್ರೆ ಅದನ್ನ ಹೊತ್ತವನ ಬೆನ್ನು ಯಾರದ್ದು ಅಂತಲೂ ನೋಡಬೇಕಲ್ವಾ?

ವಾಪಸ್ ಕೊಡೋಕೆ ಎಷ್ಟು ದಿನ?

ಊರೊಳಗಿನ ಕಥೆ ಇದಾಯ್ತು. ಗುರುತಿಲ್ಲದವನಿಂದ ಕೊಂಡರೆ? ಜಾತ್ರೆಯಲ್ಲಿ ಎತ್ತು ಕೊಂಡ ಹಾಗೆ?

ಮುಡುಕುತೊರೆ ದನಗಳ ಜಾತ್ರೆಯಲ್ಲಿ ವ್ಯಾಪಾರ ಮಾಡೋರನ್ನ ನೀವು ನೋಡಿರಬಹುದು. ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ರೇಟು. ಸುಳಿ ನೋಡ್ತಾರೆ, ಹಲ್ಲು ಎಣಿಸ್ತಾರೆ, ನಡೆಸಿ ನೋಡ್ತಾರೆ. ಕೊನೆಗೆ ‘ಮಾದಪ್ಪನಾಣೆ, ಐಬಿಲ್ಲ’ ಅಂತ ಒಂದು ಮಾತು. ಕಣ್ಣಿಗೆ ಕಾಣೋದನ್ನ ಕೊಳ್ಳೋನು ನೋಡಬೇಕು, ಕಾಣದ್ದಕ್ಕೆ ಮಾರುವವನ ಆಣೆ. ಜಗತ್ತಿನ ಖರೀದಿ ಕಾನೂನೆಲ್ಲ ಸುತ್ತೋದು ಈ ಎರಡರ ಸುತ್ತಲೇ.

ನಮ್ಮ ಹಳೇ ಧರ್ಮಶಾಸ್ತ್ರಗಳಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ, ‘ಕ್ರೀತಾನುಶಯ’. ಕೊಂಡಮೇಲೆ ಪಶ್ಚಾತ್ತಾಪ ಪಡೋದು ಅಂತ ಅರ್ಥ (ಎಷ್ಟು ಸರಿಯಾದ ಹೆಸರು!). ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯವಹಾರದಿಂದ ಹಿಂದೆ ಸರಿಯೋಕೆ ವ್ಯಾಪಾರಿಗಳಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ದನ ಸಾಕುವವರಿಗೆ ಐದು ರಾತ್ರಿ ಸಮಯ. ಯಾಜ್ಞವಲ್ಕ್ಯ ಸ್ಮೃತಿ ಜನ ನೋಡಿ ಅಲ್ಲ, ವಸ್ತು ನೋಡಿ ದಿನ ನಿಗದಿ ಮಾಡುತ್ತೆ. ಕೊಂಡ ಕಬ್ಬಿಣ ಪರೀಕ್ಷೆ ಮಾಡೋಕೆ ಒಂದು ದಿನ, ಹಾಲು ಕರೆಯುವ ದನಕ್ಕೆ ಮೂರು ದಿನ, ಭಾರ ಎಳೆಯುವ ದನಕ್ಕೆ ಐದು ದಿನ, ರತ್ನಕ್ಕೆ ಏಳು, ಬಿತ್ತನೆ ಬೀಜಕ್ಕೆ ಹತ್ತು ದಿನ. (ದಾಸ ದಾಸಿಯರೂ ಅದೇ ಪಟ್ಟಿಯಲ್ಲಿ ಇದ್ದಾರೆ, ಅದನ್ನ ಮುಚ್ಚಿಡೋದು ಬೇಡ.) ಈ ಸ್ಮೃತಿಗೆ ‘ಮಿತಾಕ್ಷರ’ ಅನ್ನೋ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ಇದ್ದವನು.

ಆ ಪಟ್ಟಿಯ ಹಿಂದಿನ ತರ್ಕ ನನಗೆ ತುಂಬ ಹಿಡಿಸಿತು. ಕಬ್ಬಿಣ ಬಡಿದು ನೋಡಿದರೆ ಅದೇ ದಿನ ಗೊತ್ತಾಗುತ್ತೆ. ಎತ್ತು ನಾಲ್ಕು ದಿನ ಗಾಡಿ ಎಳೆದರೆ ತಾನೆ ಕುಂಟೋದು ಕಾಣೋದು? ಬೀಜ ಮೊಳಕೆ ಬರೋಕೆ ವಾರದ ಮೇಲೇ ಬೇಕು. ಅಂದ್ರೆ ಐಬು ಹೊರಗೆ ಬರೋಕೆ ಎಷ್ಟು ದಿನ ಬೇಕೋ ಅಷ್ಟು ದಿನ ಕೊಳ್ಳೋನ ಕೈಯಲ್ಲಿ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗಡಿಯ ಎರಡು ಬದಿ

ನಮ್ಮ ಸೀಮೆಯ ಒಂದು ವಿಶೇಷ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 1799ರಲ್ಲಿ ಟಿಪ್ಪುವಿನ ರಾಜ್ಯ ಹಂಚಿದಾಗ ಕೊಳ್ಳೇಗಾಲ ಇಂಗ್ಲಿಷರ ಪಾಲಿಗೆ ಹೋಯ್ತು, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಕೊಳ್ಳೇಗಾಲದೊಳಗೇ. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಬೆಳಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದೊಳಗೆ ಮುಟ್ಟುವ ಎರಡು ಊರು. ಮಾತು ಒಂದೇ, ದೇವರೂ ಒಂದೇ, ಸರ್ಕಾರ ಮಾತ್ರ ಎರಡು. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬರುವವರೆಗೂ ಇದೇ ಕಥೆ.

ಈ ನಡುವೆ 1930ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಒಂದು ಕಾಯ್ದೆ ಬಂತು, ಸರಕು ಮಾರಾಟ ಕಾಯ್ದೆ. ಇಂಗ್ಲೆಂಡಿನ 1893ರ ಕಾಯ್ದೆಯ ಅಚ್ಚಿನಲ್ಲೇ ಎರಕ ಹೊಯ್ದದ್ದು. ಕೊಳ್ಳೇಗಾಲಕ್ಕೆ ಅದು 1930ರ ಜುಲೈ 1ರಿಂದಲೇ ಅನ್ವಯ. ಯಳಂದೂರು ಸಂಸ್ಥಾನದ್ದು, ಅಲ್ಲಿಗೆ ಇದು ಅನ್ವಯ ಇಲ್ಲ. ಸ್ವಾತಂತ್ರ್ಯ ಬಂದಮೇಲೆ, 1951ರಲ್ಲಿ, ಹಳೇ ಸಂಸ್ಥಾನಗಳ ರಾಜ್ಯಗಳಿಗೂ ಕೇಂದ್ರದ ಕಾಯ್ದೆಗಳನ್ನ ವಿಸ್ತರಿಸಿದಾಗ ಮೈಸೂರಿಗೂ ಇದು ಬಂತು. ಅಂದ್ರೆ ಇಪ್ಪತ್ತು ವರ್ಷ ಚಿಲ್ಲರೆ, ಒಂದೇ ಗಾಡಿಯನ್ನ ಕೊಳ್ಳೇಗಾಲದಲ್ಲಿ ಮಾರಿದರೂ ಯಳಂದೂರಲ್ಲಿ ಮಾರಿದರೂ ಕೋರ್ಟಿನಲ್ಲಿ ತೆರೆಯುವ ಪುಸ್ತಕ ಒಂದೇ ಆಗಿರಲಿಲ್ಲ.

ಈ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ನಮಗೆ ಬೇಕಾದ ಮೂರು ವಿಷಯ ಅದರಲ್ಲಿವೆ.

ಒಂದು. 12ನೇ ಸೆಕ್ಷನ್ ಮಾರುವವನ ಮಾತನ್ನ ಎರಡು ಜಾತಿ ಮಾಡುತ್ತೆ, ‘ಷರತ್ತು’ ಮತ್ತು ‘ವಾರಂಟಿ’. ಷರತ್ತು ವ್ಯವಹಾರದ ಬೇರು. ಅದು ಮುರಿದರೆ ಮಾಲನ್ನೇ ವಾಪಸ್ ಮಾಡಬಹುದು. ವಾರಂಟಿ ಕೊಂಬೆ ಇದ್ದ ಹಾಗೆ. ಅದು ಮುರಿದರೆ ಪರಿಹಾರ ಕೇಳಬಹುದು, ಮಾಲು ವಾಪಸ್ ಮಾಡುವಂತಿಲ್ಲ. ನೋಡಿದ್ರಾ ತಮಾಷೆ? ನಾವು ಅಂಗಡಿಯಲ್ಲಿ ಅಷ್ಟು ಒತ್ತಿ ಒತ್ತಿ ಕೇಳೋ ‘ವಾರಂಟಿ’ ಕಾನೂನಿನ ಕಣ್ಣಲ್ಲಿ ಕಿರಿಯ ಮಾತು!

ಎರಡು. 16ನೇ ಸೆಕ್ಷನ್. ಕೊಳ್ಳೋನು ‘ನನಗೆ ಇಂಥ ಕೆಲಸಕ್ಕೆ ಬೇಕು’ ಅಂತ ಹೇಳಿ, ಮಾರುವವನ ತಿಳಿವಳಿಕೆ ನಂಬಿ ಕೊಂಡರೆ, ಆ ಕೆಲಸಕ್ಕೆ ತಕ್ಕ ಮಾಲು ಕೊಡೋದು ಷರತ್ತು. ಯಾರೂ ಕಾಗದದಲ್ಲಿ ಬರೆಯದಿದ್ದರೂ ಅದು ಇದ್ದೇ ಇರುತ್ತೆ. ಇದರಲ್ಲಿ ಒಂದು ತೂತೂ ಇದೆ. ಹೆಸರುವಾಸಿ ಬ್ರಾಂಡಿನ ವಸ್ತುವನ್ನ ಬ್ರಾಂಡ್ ಹೆಸರು ಹೇಳಿಯೇ ಕೊಂಡರೆ ಈ ರಕ್ಷಣೆ ಸಿಗಲ್ಲ. ಊರ ವರ್ಕ್‌ಶಾಪಿನಲ್ಲಿ ‘ಕಬ್ಬು ಹೊಡೆಯೋಕೆ ಮಾಡಿಕೊಡಿ’ ಅಂತ ಕೇಳಿ ಮಾಡಿಸಿದ ಟ್ರೈಲರಿಗೆ ಸಿಗುತ್ತೆ.

ಮೂರು. 13 ಮತ್ತು 42ನೇ ಸೆಕ್ಷನ್ ಒಟ್ಟಿಗೆ ಓದಬೇಕು. ಮಾಲು ತಗೊಂಡು, ಬೇಡ ಅಂತ ಹೇಳದೆ ತಕ್ಕಷ್ಟು ಕಾಲ ಇಟ್ಟುಕೊಂಡರೆ ನೀವು ಅದನ್ನ ‘ಒಪ್ಪಿಕೊಂಡಿರಿ’ ಅಂತ ಲೆಕ್ಕ. ಆಮೇಲೆ ಷರತ್ತು ಕೂಡ ವಾರಂಟಿಯ ಮಟ್ಟಕ್ಕೆ ಇಳಿಯುತ್ತೆ. ಸುಮ್ಮನಿದ್ದಷ್ಟೂ ನಷ್ಟ.

ಮಾರುವವನ ಬಾಯಿಮಾತಿಗೂ ವಾರಂಟಿಗೂ ಇರುವ ಅಂತರ ಎಷ್ಟು ದೊಡ್ಡದು ಅಂತ ತಿಳಿಯೋಕೆ ಇಂಗ್ಲೆಂಡಿನ 1603ರ ಒಂದು ಕೇಸ್ ಇದೆ. ಅಕ್ಕಸಾಲಿಗನೊಬ್ಬ ಒಂದು ಕಲ್ಲನ್ನ ‘ಇದು ಬೆಜೋರ್’ (ಮೃಗದ ಹೊಟ್ಟೆಯಲ್ಲಿ ಸಿಗೋ, ವಿಷ ಇಳಿಸುತ್ತೆ ಅಂತ ಆಗ ನಂಬಿದ್ದ ಕಲ್ಲು) ಅಂತ ಹೇಳಿ 100 ಪೌಂಡಿಗೆ ಮಾರಿದ. ಅಲ್ಲ ಅಂತ ಆಮೇಲೆ ಗೊತ್ತಾಯ್ತು. ನ್ಯಾಯಾಲಯ ಹೇಳಿದ್ದೇನು ಗೊತ್ತಾ? ಬೆಜೋರ್ ಅಂತ ‘ಹೇಳಿದ’ ನಿಜ, ಆದ್ರೆ ‘ವಾರಂಟಿ ಕೊಡಲಿಲ್ಲ’, ಹಾಗಾಗಿ ಕೇಸ್ ನಿಲ್ಲಲ್ಲ! ಅಲ್ಲಿಂದ 1893ಕ್ಕೆ ಬರೋಕೆ ಅವರಿಗೆ ಮುನ್ನೂರು ವರ್ಷ ಹಿಡಿಯಿತು.

ಟೈರ್ ಬಂತು, ಆಚಾರಿ ಹೊರಗಾದ

1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಡನ್ಲಪ್ ಕಂಪನಿ ಟೈರ್ ಕಾರ್ಖಾನೆ ಶುರು ಮಾಡಿತು. ಎತ್ತಿನ ಗಾಡಿಗೂ ಗಾಳಿ ತುಂಬಿದ ಟೈರ್ ಬಂತು. ನಮ್ಮ ಕಡೆ ಇಂಥ ಗಾಡಿಗೆ ಈಗಲೂ ‘ಟೈರ್ ಗಾಡಿ’, ‘ಡನ್ಲಪ್ ಗಾಡಿ’ ಅನ್ನೋ ಹೆಸರು. ಮರದ ಚಕ್ರದ ಗಾಡಿ ಒಂದು ಟನ್ ಆಸುಪಾಸು ಹೊರ್ತಿತ್ತು, ಇದು ಅದಕ್ಕಿಂತ ಜಾಸ್ತಿ. ಎತ್ತಿಗೂ ಹಗುರ, ರಸ್ತೆಗೂ ಹಗುರ. ಬೆಂಗಳೂರಿನ ಐಐಎಂ ಕಟ್ಟಿದ ಮೊದಲ ನಿರ್ದೇಶಕ ಪ್ರೊ. ಎನ್.ಎಸ್. ರಾಮಸ್ವಾಮಿಯವರು ತಮ್ಮ ಬದುಕಿನ ದೊಡ್ಡ ಭಾಗವನ್ನ ಎತ್ತಿನ ಗಾಡಿ ಸುಧಾರಣೆಗೆ ಕೊಟ್ಟರು ಅನ್ನೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮ್ಯಾನೇಜ್‌ಮೆಂಟ್ ಕಲಿಸೋರು ಗಾಡಿಯ ನೊಗ ಎತ್ತಿನ ಕುತ್ತಿಗೆ ಒರೆಸದ ಹಾಗೆ ಹೇಗೆ ಮಾಡೋದು ಅಂತ ಯೋಚಿಸ್ತಿದ್ದ ಕಾಲವೂ ಇತ್ತು.

ಆದ್ರೆ ಟೈರ್ ಜೊತೆ ಇನ್ನೂ ಒಂದು ಬಂತು. ಗಾಡಿಯ ಒಂದು ಭಾಗ ಮೊದಲ ಸಲ ಊರಾಚೆಯದಾಯ್ತು. ಟೈರು, ಟ್ಯೂಬು, ಬೇರಿಂಗು, ಉಕ್ಕಿನ ಅಚ್ಚು, ಇವು ಯಾವುದನ್ನೂ ಊರ ಆಚಾರಿ ಮಾಡೋಕಾಗಲ್ಲ. ಕೀಲೆಣ್ಣೆ ಹಾಕೋ ಜಾಗಕ್ಕೆ ಗ್ರೀಸ್ ಬಂತು. ಹೊಣೆ ಅಲ್ಲಿಂದಲೇ ತುಂಡಾಗೋಕೆ ಶುರು.

ಆಮೇಲೆ ಟ್ರಾಕ್ಟರ್. ಭಾರತದಲ್ಲೇ ತಯಾರಾದ ಮೊದಲ ಟ್ರಾಕ್ಟರ್ 1959ರಲ್ಲಿ ಐಷರ್ ಕಂಪನಿಯ ಫರೀದಾಬಾದ್ ಕಾರ್ಖಾನೆಯಿಂದ ಹೊರಬಂತು. ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರ್ ಶುರು ಮಾಡಿತು. ಟ್ರಾಕ್ಟರ್ ದೊಡ್ಡ ಕಂಪನಿಯದ್ದು. ಅದರ ಹಿಂದೆ ಹಾಕೋ ಟ್ರೈಲರ್ ಮಾತ್ರ ಬಹುಪಾಲು ತಾಲೂಕು, ಜಿಲ್ಲಾ ಕೇಂದ್ರಗಳ ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಹುಟ್ಟೋದು. ಆಂಗಲ್, ಚಾನಲ್ ತಂದು ಬೆಸೆದು ಬಾಡಿ ಕಟ್ತಾರೆ. ಅಚ್ಚು ಒಂದು ಕಡೆಯಿಂದ, ಟೈರ್ ಇನ್ನೊಂದು ಕಂಪನಿ, ಟಿಪ್ಪಿಂಗ್ ಬೇಕಿದ್ದರೆ ಹೈಡ್ರಾಲಿಕ್ ಜಾಕ್ ಮತ್ತೊಂದು ಕಂಪನಿ. ಕಾನೂನಿನಲ್ಲೂ ಟ್ರೈಲರ್ ಬೇರೆಯೇ ವಾಹನ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರಾಕ್ಟರಿಗೆ ಒಂದು ನಂಬರ್ ಆದ್ರೆ ಟ್ರೈಲರಿಗೆ ಇನ್ನೊಂದು. ನೋಡೋಕೆ ಒಂದೇ ಗಾಡಿ, ಹೊಣೆಗಾರರು ಮಾತ್ರ ನಾಲ್ಕು ಜನ.

ಚಿಕ್ಕಪ್ಪನ ಟ್ರೈಲರ್

ಈಗ ಚಿಕ್ಕಪ್ಪನ ಕಥೆ. ವರ್ಕ್‌ಶಾಪಿನ ಹೆಸರಾಗಲಿ ಊರಾಗಲಿ ಬರೆಯಲ್ಲ, ಅದರ ಅಗತ್ಯವೂ ಇಲ್ಲ.

ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸೋಕೆ ಅಂತಲೇ ಹೊಸ ಟ್ರೈಲರ್ ತಗೊಂಡರು. ಒಂದೂವರೆ ತಿಂಗಳಿಗೆ ಒಂದು ಚಕ್ರದ ಹಬ್ ಮುಟ್ಟಿದರೆ ಕೈ ಸುಡೋ ಹಾಗೆ ಬಿಸಿ ಆಗೋಕೆ ಶುರುವಾಯ್ತು. ಬೇರಿಂಗ್ ಹೋಯ್ತು. ಬಿಚ್ಚಿ ನೋಡಿದರೆ ಅಚ್ಚು ಒಂದು ಕಡೆ ಬಾಗಿತ್ತು, ಮುಂದಿನ ಮೂಕಿ ಚಾಸಿಗೆ ಸೇರುವ ಜಾಗದ ವೆಲ್ಡಿಂಗೂ ಬಿರುಕು ಬಿಟ್ಟಿತ್ತು. ಕಟಾವಿಗೆ ಅವರ ಸರದಿ ಬಂದು ಅರ್ಧ ಕಬ್ಬು ಕಡಿದು ಹೊಲದಲ್ಲಿ ಬಿದ್ದಿದೆ. ಕಡಿದ ಕಬ್ಬು ದಿನ ಹೋದಂಗೆ ಒಣಗುತ್ತೆ, ತೂಕ ಇಳಿಯುತ್ತೆ, ದುಡ್ಡು ಇಳಿಯುತ್ತೆ.

ಮಾರಿದವರಿಗೆ ಫೋನ್ ಮಾಡಿದರೆ: ಬೇರಿಂಗ್ ಸವೆಯೋ ವಸ್ತು, ಅದಕ್ಕೆ ವಾರಂಟಿ ಇಲ್ಲ. ಅಚ್ಚು ನಾವು ಮಾಡೋದಲ್ಲ, ಅದರ ಕಂಪನಿಯವರನ್ನ ಕೇಳಬೇಕು. ಟೈರಿಗೆ ಟೈರ್ ಕಂಪನಿ. ಮತ್ತೆ ಕೊನೇ ಅಸ್ತ್ರ, ‘ನೀವು ಓವರ್‌ಲೋಡ್ ಮಾಡಿದ್ದೀರಿ’. ನಾನು ವಾರಂಟಿ ಕಾಗದದ ಫೋಟೋ ತರಿಸಿ ನೋಡಿದೆ. ಜೆರಾಕ್ಸ್ ಮಾಡಿದ ಒಂದು ಅರ್ಧ ಹಾಳೆ. ಟೈರ್, ಬೇರಿಂಗ್, ವೆಲ್ಡಿಂಗ್, ಅಚ್ಚು ಇವಕ್ಕೆ ವಾರಂಟಿ ಇರುವುದಿಲ್ಲ ಅಂತ ಬರೆದಿತ್ತು. ಇವೆಲ್ಲ ಕಳೆದರೆ ಉಳಿಯೋದು ಬಣ್ಣ :)

ನಗು ಬಂದದ್ದು ಅಲ್ಲಿಗೆ ಮುಗೀತು. ಹನೂರಿನಲ್ಲಿ ಒಬ್ಬರು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ, ಕೈ ಒಳ್ಳೇ ಕೈ. ಬಂದು ನೋಡಿದರು. ಅಚ್ಚು ಚಾಸಿಗೆ ಚೌಕವಾಗಿ ಕೂತಿಲ್ಲ, ಅದಕ್ಕೇ ಒಂದೇ ಚಕ್ರದ ಮೇಲೆ ಭಾರ ಬೀಳ್ತಾ ಇದೆ ಅಂತ ಐದು ನಿಮಿಷದಲ್ಲಿ ಹೇಳಿದರು. ಸರಿ ಮಾಡಿಕೊಡಿ ಅಂದ್ರೆ, ‘ನಾ ಮುಟ್ಬುಟ್ರೆ ನಿಮ್ ವಾರಂಟಿ ಹೊಂಟೋಯ್ತದೆ, ಮೊದ್ಲು ಅವರ್ನ ಕೇಳಿ’ ಅಂದುಬಿಟ್ಟರು. ಅವರು ಹೇಳಿದ್ದು ಸರಿಯೇ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದು ಅಂತ ಆ ಅರ್ಧ ಹಾಳೆಯಲ್ಲೂ ಇತ್ತು.

ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು: ‘ನಮ್ ತಾತನ್ ಗಾಡಿ ಮುರುದ್ರೆ ಆಚಾರಿ ಸಂಜೆ ಒಳ್ಗೆ ಮಾಡ್ಕೊಡ್ತಿದ್ದ ಕನಪ್ಪ. ಈಗ ಆಚಾರಿ ಮುಂದ್ಗಡೇನೇ ನಿಂತವ್ನೆ, ಮುಟ್ಟಂಗಿಲ್ಲ ಅಂತಾನೆ.’

ನಾನು ಮೇಲೆ ಬರೆದ ಇಷ್ಟುದ್ದದ ಇತಿಹಾಸ ಅವರು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದರು! ಹಿಂದೆ ಹೊಣೆ ಇದ್ದದ್ದು ರಿಪೇರಿ ಮಾಡಬಲ್ಲವನ ಹತ್ತಿರ. ಈಗ ರಿಪೇರಿ ಮಾಡಬಲ್ಲವನನ್ನ ಹೊಣೆಯ ಹೆಸರಲ್ಲೇ ದೂರ ನಿಲ್ಲಿಸಿದ್ದೇವೆ.

ಕಾರ್ಡಿಗಿಂತ ದೊಡ್ಡದು

ಇಲ್ಲಿ ಇನ್ನೊಂದು ಇತಿಹಾಸ ಸಹಾಯಕ್ಕೆ ಬರುತ್ತೆ. ಅದು ಇತ್ತೀಚಿನದ್ದು.

1930ರ ಕಾಯ್ದೆಯ ಹಕ್ಕುಗಳು ಕಾಗದದ ಮೇಲೆ ಚೆನ್ನಾಗಿದ್ದವು. ಆದ್ರೆ ಪಡೆಯೋಕೆ ಸಿವಿಲ್ ಕೋರ್ಟಿಗೆ ಹೋಗಬೇಕು, ವಕೀಲರನ್ನ ಹಿಡಿಯಬೇಕು, ವರ್ಷಗಟ್ಟಲೆ ಕಾಯಬೇಕು. ಬೇರಿಂಗ್ ಹೋಯ್ತು ಅಂತ ಯಾರು ಅಷ್ಟು ಮಾಡ್ತಾರೆ? 1984ರಲ್ಲಿ ಏಕಸ್ವಾಮ್ಯ ತಡೆ (ಎಂಆರ್‌ಟಿಪಿ) ಕಾಯ್ದೆಗೆ ತಿದ್ದುಪಡಿ ತಂದು, ಸರಿಯಾದ ಪರೀಕ್ಷೆಯ ಆಧಾರ ಇಲ್ಲದೆ ವಾರಂಟಿ, ಗ್ಯಾರಂಟಿ ಘೋಷಿಸೋದನ್ನ ಅನ್ಯಾಯದ ವ್ಯಾಪಾರ ಅಂತ ಕರೆದರು. ಅದಾದ ಮೇಲೆ 1986ರ ಡಿಸೆಂಬರ್ 24ಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ. ಆ ದಿನವನ್ನೇ ಈಗ ರಾಷ್ಟ್ರೀಯ ಗ್ರಾಹಕ ದಿನ ಅಂತ ಆಚರಿಸ್ತಾರೆ. ವಕೀಲರಿಲ್ಲದೆ ನಾವೇ ದೂರು ಕೊಡಬಹುದು. ರಿಪೇರಿ, ಬದಲಿ ಮಾಲು, ಹಣ ವಾಪಸ್, ಪರಿಹಾರ ಎಲ್ಲ ಕೇಳಬಹುದು. ‘ನೀವು ಒಂದು ತಿಂಗಳು ಬಳಸಿಬಿಟ್ಟಿರಿ’ ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಲ್ಲ.

ಆದ್ರೆ ಅಲ್ಲೂ ಒಂದು ಮುಳ್ಳು ಇತ್ತು. ‘ವಾಣಿಜ್ಯ ಉದ್ದೇಶಕ್ಕೆ’ ಕೊಂಡವರು ಗ್ರಾಹಕರೇ ಅಲ್ಲ. ಹಾಗಾದ್ರೆ ಟ್ರೈಲರ್ ಕೊಂಡ ರೈತ ಯಾರು? 1993ರಲ್ಲಿ ಒಂದು ವಿವರಣೆ ಸೇರಿಸಿದರು: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಅಂತ ಮಾತ್ರ ಕೊಂಡು ಬಳಸಿದ್ದು ವಾಣಿಜ್ಯ ಉದ್ದೇಶ ಅಲ್ಲ. ಅದರ ಅರ್ಥ ಬಿಡಿಸಿ ಹೇಳಿದ್ದು 1995ರ ಸುಪ್ರೀಂ ಕೋರ್ಟ್ ತೀರ್ಪು, ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣ. ಜಗಳ ಇದ್ದದ್ದು ಕೊಯಮತ್ತೂರಿನ ಪಿಎಸ್‌ಜಿ ಸಂಸ್ಥೆಯಿಂದ ಕೊಂಡ ಒಂದು ಯಂತ್ರದ ಬಗ್ಗೆ. (ಕೊಳ್ಳೇಗಾಲದ ಹಳೇ ಜಿಲ್ಲಾ ಕೇಂದ್ರ ಕೊಯಮತ್ತೂರು! ಕೆಲವು ದಾರಿ ಸುತ್ತಿ ಸುತ್ತಿ ಅಲ್ಲಿಗೇ ಹೋಗುತ್ತೆ.) ಆ ಕೇಸಿನಲ್ಲಿ ಕೊಂಡವರು ಸೋತರು, ಅವರ ಬಳಕೆ ವಾಣಿಜ್ಯ ಉದ್ದೇಶದ್ದು ಅಂತಾಯ್ತು. ಆದ್ರೆ ನ್ಯಾಯಾಲಯ ಕೊಟ್ಟ ಉದಾಹರಣೆಗಳು ಬೇರೆಯವರಿಗೆ ದಾರಿ ಮಾಡಿದವು. ಟೈಪ್‌ರೈಟರ್ ಕೊಂಡು ತಾನೇ ಟೈಪ್ ಮಾಡಿ ಬದುಕುವವನು, ಆಟೋ ಕೊಂಡು ತಾನೇ ಓಡಿಸುವವನು, ಟ್ರಕ್ ಕೊಂಡು ತಾನೇ ಬಾಡಿಗೆಗೆ ಹೊಡೆಯುವವನು ಗ್ರಾಹಕನೇ. ಒಬ್ಬಿಬ್ಬರ ಸಹಾಯ ತಗೊಂಡರೂ ಪರವಾಗಿಲ್ಲ. ಪೂರ್ತಿ ಬೇರೆಯವರ ಕೈಯಲ್ಲೇ ಓಡಿಸಿದರೆ ಅಲ್ಲ. 2012ರಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ, ಬಿತ್ತನೆ ಬೀಜ ಕೊಂಡ ರೈತರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಯಾಜ್ಞವಲ್ಕ್ಯನ ಪಟ್ಟಿಯ ಬೀಜ, ಇನ್ನೊಂದು ವೇಷದಲ್ಲಿ.

ಇನ್ನು ದೂರದ ಮಾತು. 1986ರಲ್ಲಿ ಹನೂರಿನವರಿಗೆ ಜಿಲ್ಲೆ ಅಂದ್ರೆ ಮೈಸೂರು. ಒಂದು ಹಿಯರಿಂಗಿಗೆ ಒಂದು ದಿನದ ಕೂಲಿ ಹೋಗ್ತಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು. ಹನೂರು ಬೇರೆ ತಾಲೂಕು ಅಂತ ಘೋಷಣೆ ಆದದ್ದು 2017ರ ಬಜೆಟ್ಟಿನಲ್ಲಿ. ಹಳೇ ಕಾಯ್ದೆಯಲ್ಲಿ ಮಾರಿದವನು ಇರುವ ಕಡೆ, ಇಲ್ಲವೇ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. ಸತ್ಯಮಂಗಲ, ಈರೋಡಿನಿಂದ ಮಾಲು ತಂದವರು ಅಲ್ಲಿಗೇ ಹೋಗಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಹೊಸ ಕಾಯ್ದೆ ಇದನ್ನ ಬದಲಾಯಿಸಿತು. ಈಗ ಕೊಂಡವನು ತಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 1799ರಲ್ಲಿ ಎಳೆದ ಗಡಿ 1956ರಲ್ಲಿ ನಕ್ಷೆಯಲ್ಲಿ ಜರುಗಿತು. ವಾರಂಟಿ ಜಗಳದಲ್ಲಿ ಅಳಿಸಿದ್ದು 2020ರಲ್ಲಿ ಅನ್ನಬಹುದು.

ಚಿಕ್ಕಪ್ಪನ ಕೇಸ್ ಅಷ್ಟು ದೂರ ಹೋಗಲಿಲ್ಲ. ಓವರ್‌ಲೋಡ್ ಅಲ್ಲ ಅಂತ ತೋರಿಸೋದು ಹೇಗೆ ಅಂತ ಯೋಚಿಸ್ತಿದ್ದಾಗ ಅವರೇ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಕಬ್ಬಿನ ದುಡ್ಡು ಬರೋವರೆಗೂ ಜೋಪಾನ ಮಾಡಿದ್ದ ಕಾರ್ಖಾನೆಯ ತೂಕದ ಚೀಟಿಗಳು. ಪ್ರತಿ ಲೋಡಿನ ತೂಕ, ತಾರೀಖು, ಗಾಡಿ ನಂಬರ್ ಎಲ್ಲ ಇದೆ. ಒಂದು ಲೋಡೂ ಬಿಲ್ಲಿನಲ್ಲಿ ಬರೆದ ಸಾಮರ್ಥ್ಯ ದಾಟಿರಲಿಲ್ಲ. ಚೀಟಿಗಳ ಜೆರಾಕ್ಸ್, ಅಚ್ಚಿನ ಫೋಟೋ, 16ನೇ ಸೆಕ್ಷನ್ ಮತ್ತು 2019ರ ಕಾಯ್ದೆಯ ಹೆಸರು ಹಾಕಿ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದು, ತಲುಪಿದ್ದಕ್ಕೆ ಸಹಿ ಬರೋ ಹಾಗೆ ಅಂಚೆಯಲ್ಲಿ ಕಳಿಸಿದೆವು. ಹತ್ತು ದಿನಕ್ಕೆ ಅಚ್ಚು ಬದಲಾಯಿತು, ಮೂಕಿಗೆ ಹೊಸ ಪ್ಲೇಟ್ ಬಿತ್ತು. ಒಟ್ಟು ಇಪ್ಪತ್ತನಾಲ್ಕು ದಿನ ಟ್ರೈಲರ್ ನಿಂತಿತ್ತು. ಬಾಡಿಗೆ ಟ್ರೈಲರಿಗೆ ಕೊಟ್ಟ ದುಡ್ಡು, ಒಣಗಿದ ಕಬ್ಬಿನ ತೂಕ ವಾಪಸ್ ಬರಲಿಲ್ಲ. ಅದಕ್ಕೆ ಜಿಲ್ಲಾ ಆಯೋಗಕ್ಕೆ ಹೋಗಬಹುದಿತ್ತು. ಚಿಕ್ಕಪ್ಪ ‘ಸಾಕು ಬುಡು, ಉಳ್ಮೆ ಟೈಮು’ ಅಂದರು.

ನಿಮ್ಮಲ್ಲೂ ಯಾರ ಮನೆಯಲ್ಲಾದರೂ ಇಂಥದ್ದು ಆದರೆ ನಾಲ್ಕು ಮಾತು ನೆನಪಿಡಿ. ಕೊಳ್ಳುವಾಗ ಯಾವ ಕೆಲಸಕ್ಕೆ, ಎಷ್ಟು ತೂಕಕ್ಕೆ ಅಂತ ಬಿಲ್ಲಿನಲ್ಲೇ ಬರೆಸಿ. ಐಬು ಕಂಡ ದಿನವೇ ಬರವಣಿಗೆಯಲ್ಲಿ ತಿಳಿಸಿ, ಫೋನ್ ಮಾತು ಗಾಳಿಗೆ ಹೋಗುತ್ತೆ. ತೂಕದ ಚೀಟಿ ಎಸೀಬೇಡಿ. ದೂರು ಕೊಡೋಕೆ ಎರಡು ವರ್ಷ ಕಾಲಾವಕಾಶ ಇದೆ, ಮಾಲಿನ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ, ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೊನೆಗೆ ನಮ್ಮ ಕಸುಬಿನ ಬಗ್ಗೆ ಒಂದು ಮಾತು, ನಮ್ಮಲ್ಲಿ ಅರ್ಧಕ್ಕರ್ಧ ಸಾಫ್ಟ್‌ವೇರಿನವರೇ ಅಲ್ವಾ. ಯಾವ ತಂತ್ರಾಂಶದ ಲೈಸೆನ್ಸ್ ತೆಗೆದರೂ ದಪ್ಪ ಅಕ್ಷರದಲ್ಲಿ ‘ಇದ್ದದ್ದು ಇದ್ದಂತೆ, ಯಾವ ವಾರಂಟಿಯೂ ಇಲ್ಲ’ ಅಂತ ಕೂಗ್ತಿರುತ್ತೆ. ಅಮೆರಿಕದ ವಾಣಿಜ್ಯ ಸಂಹಿತೆಯಲ್ಲಿ, ಹೊಣೆ ಕಳಚಿಕೊಳ್ಳೋದಾದ್ರೆ ಎದ್ದು ಕಾಣೋ ಹಾಗೆ ಬರೀಬೇಕು ಅಂತ ಇರೋದರಿಂದ ಆ ದೊಡ್ಡಕ್ಷರ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ :) ಬಣ್ಣಕ್ಕಾದ್ರೂ ವಾರಂಟಿ ಕೊಟ್ಟ ಆ ವರ್ಕ್‌ಶಾಪಿನವರು ನಮಗಿಂತ ವಾಸಿ ಅಂತ ಒಂದೊಂದು ಸಲ ಅನ್ನಿಸುತ್ತೆ.

ನಿಮ್ಮ ಕಡೆ ಆಯದ ಲೆಕ್ಕ ಹೇಗಿತ್ತು? ಗಾಡಿ ರಿಪೇರಿ ಅದರಲ್ಲಿ ಸೇರ್ತಿತ್ತಾ, ಬೇರೆ ಕೊಡಬೇಕಿತ್ತಾ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೀರಿ. ಇನ್ನು ಹತ್ತು ವರ್ಷ ಹೋದರೆ ಕೇಳೋಕೆ ಯಾರೂ ಇರಲ್ಲ.